ಒಂದೇ ಪುಟಕ್ಕೆ ಹಲವು ರೂಪ

ಅಚ್ಚಿನ ಪುಸ್ತಕಕ್ಕೆ ಇರುವ ದೊಡ್ಡ ಗುಣಗಳಲ್ಲಿ ಸ್ಥಿರತೆಯೂ ಒಂದು. ಮೈಸೂರಿನಲ್ಲಿ ಅಚ್ಚಾದ ಗ್ರಂಥವನ್ನು ಧಾರವಾಡದಲ್ಲಿ ಬಿಚ್ಚಿದರೂ, ನಮ್ಮ ಚಂದ್ರಬಂಡದ ಮನೆಯ ಕಟ್ಟೆಯ ಮೇಲೆ ಬಿಚ್ಚಿದರೂ, ಹತ್ತನೆಯ ಪುಟದ ಮೂರನೆಯ ಸಾಲು ಮೂರನೆಯ ಸಾಲಾಗಿಯೇ ಇರುತ್ತದೆ. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ ೧೯೧೫ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಿಸಿಲು ಮಳೆಗಳಲ್ಲಿ ನಿಂತಿದೆ. ಆ ಬಂಡೆಯ ಅಕ್ಷರಗಳು ಅಧಿಕಾರಿಗೊಂದು ಬಗೆ, ಒಕ್ಕಲಿಗನಿಗೊಂದು ಬಗೆ ಕಾಣುವುದಿಲ್ಲ. ಆದರೆ ಇಂದು ನಮ್ಮ ಮನೆಗಳಲ್ಲಿ ಪುಸ್ತಕಕ್ಕಿಂತಲೂ ಹೆಚ್ಚಾಗಿ ಓದಲ್ಪಡುವ ಜಾಲಪುಟಕ್ಕೆ ಈ ಗುಣವಿಲ್ಲ. ಒಬ್ಬರ ಗಣಕದಲ್ಲಿ ಸುಂದರವಾಗಿ ಕಂಡ ಪುಟವು ಮತ್ತೊಬ್ಬರ ಫೋನಿನಲ್ಲಿ ಸಾಲಿನ ಮೇಲೆ ಸಾಲು ಬಿದ್ದು ವಿರೂಪವಾಗುತ್ತದೆ. ಇದು ಯಂತ್ರ ಬಲ್ಲವರ ವಿಷಯವೆಂದು ವಾಚಕ ಮಹಾಶಯರು ಹಾಳೆ ತಿರುವಬಾರದೆಂದು ಪ್ರಾರ್ಥನೆ. ಮಕ್ಕಳ ಶಾಲೆ, ಮುದುಕರ ಪಿಂಚಣಿ, ಹೊಲದ ಪಹಣಿ ಎಲ್ಲವೂ ಆ ಗಾಜಿನ ಮೇಲೆ ಬಂದಿರುವಾಗ ಇದು ಗೃಹಸ್ಥರ ವಿಷಯವೇ ಆಗಿದೆ.

ಇದಕ್ಕೆ ನಮ್ಮ ಕಣ್ಣೆದುರಿನ ಒಂದು ನಿದರ್ಶನವನ್ನು ಹೇಳುತ್ತೇವೆ. ನಮ್ಮ ನೆರೆಯ ಓಣಿಯಲ್ಲಿ ಹತ್ತಿ ಬಿಡಿಸುವ ಕೂಲಿಗೆ ಹೋಗುವ ತಾಯಿಯೊಬ್ಬಳಿದ್ದಾಳೆ. ಅವಳ ಮಗಳು ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ತೇರ್ಗಡೆಯಾಗಿ ಪಟ್ಟಣದ ಒಂದು ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಬೇಕಾಗಿತ್ತು. ಅರ್ಜಿ ಜಾಲಪುಟದ ಮೂಲಕವೇ ಹೋಗಬೇಕು. ಕೊನೆಯ ದಿನಕ್ಕೆ ಎರಡೇ ದಿನ ಉಳಿದಿತ್ತು. ಹುಡುಗಿ ತಾಯಿಯ ಫೋನಿನಲ್ಲಿ ಹೆಸರು, ಊರು, ಅಂಕಗಳನ್ನೆಲ್ಲ ತುಂಬಿದಳು. ಆದರೆ ಕಡೆಯಲ್ಲಿ ಒತ್ತಬೇಕಾದ ‘ಸಲ್ಲಿಸಿ’ ಎಂಬ ಗುಂಡಿಯೇ ಅವಳಿಗೆ ಕಾಣಲಿಲ್ಲ. ಪುಟವನ್ನು ಎಷ್ಟು ಮೇಲೆ ತಳ್ಳಿದರೂ ಅದು ಬರಲಿಲ್ಲ. ಸಂಬಂಧಪಟ್ಟ ಕಛೇರಿಗೆ ಫೋನು ಮಾಡಿ ಕೇಳಿದರೆ ಬಂದ ಉತ್ತರ ಇದು: “ನಮ್ಮಲ್ಲಿ ಸರಿಯಾಗಿಯೇ ಕಾಣುತ್ತದೆ.”

ಈ ಮಾತು ಸುಳ್ಳಲ್ಲ. ಆದರೆ ಉತ್ತರವೂ ಅಲ್ಲ. ರೋಗಿ ಹೊಟ್ಟೆನೋವೆಂದು ಬಂದಾಗ ವೈದ್ಯನು “ನನ್ನ ಹೊಟ್ಟೆ ಚೆನ್ನಾಗಿದೆ” ಎಂದರೆ ಹೇಗೋ ಹಾಗೆ. ದೈವಯೋಗದಿಂದ ಆ ದಿನ ನಮ್ಮ ತಮ್ಮನ ಮಗಳು ರಾಯಚೂರಿನಿಂದ ಬಂದಿದ್ದಳು. ಜಾಲಪುಟಗಳನ್ನು ಕಟ್ಟುವುದೇ ಅವಳ ಉದ್ಯೋಗ. ನಾವು ನಿವೃತ್ತರಾದ ಮೇಲೆ ಈ ವಿದ್ಯೆಯ ಓನಾಮವನ್ನು ನಮಗೆ ಕಲಿಸಿದವಳೂ ಅವಳೇ. ಅವಳು ತನ್ನ ಗಣಕದಲ್ಲಿ ಆ ಪುಟವನ್ನು ತೆರೆದಳು, ಗುಂಡಿ ಕಂಡಿತು, ಹುಡುಗಿಯ ಅರ್ಜಿ ಆ ರಾತ್ರಿಯೇ ಹೋಯಿತು. ಅಲ್ಲಿಗೆ ಮುಗಿಯಿತೆಂದು ನಾವು ಏಳುವಷ್ಟರಲ್ಲಿ ಅವಳು, “ದೊಡ್ಡಪ್ಪ, ಈಕಿಗೆ ನಾವು ಸಿಕ್ಕೆವು. ಯಾರೂ ಸಿಗದ ಹುಡುಗೀರು ಎಷ್ಟು ಮಂದಿ ಇರಬೇಕು?” ಎಂದಳು. ಆ ಪ್ರಶ್ನೆ ನಮ್ಮನ್ನು ಮತ್ತೆ ಕೂಡಿಸಿತು.

ಮೊದಲು ಈ ವ್ಯತ್ಯಾಸಕ್ಕೆ ಮೂಲವೇನೆಂಬುದನ್ನು ತಿಳಿಯಬೇಕು. ಜಾಲಪುಟವು ಚಿತ್ರದಂತೆ ಸಿದ್ಧವಾಗಿ ನಮ್ಮ ಬಳಿಗೆ ಬರುವುದಿಲ್ಲ. ಬರುವುದು ಎರಡು ವಸ್ತು: ಓದತಕ್ಕ ಮಾತು ಒಂದು, ಅದನ್ನು ಹೇಗೆ ಜೋಡಿಸಬೇಕೆಂಬ ಆಜ್ಞೆಗಳು ಎರಡನೆಯದು. ಈ ಆಜ್ಞೆಗಳಿಗೆ ಸಿ.ಎಸ್.ಎಸ್. ಎಂದು ಹೆಸರು, ನಾವು ಅವನ್ನು ಶೈಲಿಸೂತ್ರಗಳೆಂದು ಕರೆಯೋಣ. ಹಾಕೊನ್ ವಿಯುಮ್ ಲೀ ಎಂಬವರು ೧೯೯೪ರಲ್ಲಿ ಇವನ್ನು ಮೊದಲು ಸೂಚಿಸಿದರು. ೧೯೯೬ರ ಡಿಸೆಂಬರಿನಲ್ಲಿ ಇವು ಪ್ರಮಾಣಗ್ರಂಥವಾಗಿ ಹೊರಬಂದವು. ಮಾತನ್ನೂ ಸೂತ್ರಗಳನ್ನೂ ಓದಿ, ಗಾಜಿನ ಮೇಲೆ ಪುಟವನ್ನು ಹೊಸದಾಗಿ ಕಟ್ಟಿ ತೋರಿಸುವ ಕೆಲಸ ಬ್ರೌಸರಿನದು. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಎಂಬವೆಲ್ಲ ಬ್ರೌಸರುಗಳೇ.

ಸಂಸ್ಕೃತವನ್ನು ಓದಿದವರಿಗೆ ಇದು ಹೊಸದಾಗಿ ತೋರದು. ಪಾಣಿನಿಯ ಸೂತ್ರಗಳು ಸುಮಾರು ನಾಲ್ಕು ಸಾವಿರ. ಸಾಮಾನ್ಯ ವಿಧಿಯನ್ನು ಉತ್ಸರ್ಗವೆಂದೂ ವಿಶೇಷ ವಿಧಿಯನ್ನು ಅಪವಾದವೆಂದೂ ಕರೆದು, ಅಪವಾದವಿರುವಲ್ಲಿ ಉತ್ಸರ್ಗವು ಹಿಂಜರಿಯಬೇಕೆಂದು ವೈಯಾಕರಣರು ಇಟ್ಟುಕೊಂಡರು. ಸಮಬಲವುಳ್ಳ ಎರಡು ವಿಧಿಗಳು ಒಂದೆಡೆ ಘರ್ಷಿಸಿದರೆ ಪರವಾದದ್ದು, ಎಂದರೆ ಮುಂದೆ ಹೇಳಿದ್ದು, ನಡೆಯಬೇಕೆಂದು ಪಾಣಿನಿಯೇ ವಿಧಿಸಿದನು. ಶೈಲಿಸೂತ್ರಗಳ ಮರ್ಯಾದೆಯೂ ಇದೇ ಎಂಬುದನ್ನು ಕಂಡಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ‘ಎಲ್ಲ ಪರಿಚ್ಛೇದಗಳೂ ಕಪ್ಪು’ ಎಂಬುದು ಉತ್ಸರ್ಗ, ‘ಸೂಚನೆಯೆಂಬ ಹೆಸರಿನ ಪರಿಚ್ಛೇದ ಕೆಂಪು’ ಎಂಬುದು ಅಪವಾದ, ಅಪವಾದವೇ ಗೆಲ್ಲುತ್ತದೆ. ಎರಡೂ ಸಮಬಲವಾದರೆ ಕಡೆಗೆ ಬರೆದದ್ದು ಗೆಲ್ಲುತ್ತದೆ. ಆದರೆ ಸೂತ್ರ ಒಂದೇ ಆದರೂ ವ್ಯಾಖ್ಯಾನ ಒಂದೇ ಆಗಬೇಕೆಂಬ ನಿಯಮವಿಲ್ಲ. ಮೇಲೆ ಹೇಳಿದ ‘ಪರ’ ಎಂಬ ಪದಕ್ಕೇ ಮಹಾಭಾಷ್ಯದಲ್ಲಿ ‘ಇಷ್ಟವಾದದ್ದು’ ಎಂಬ ಅರ್ಥವನ್ನೂ ಹೇಳಿದೆ. ಬ್ರೌಸರುಗಳು ಇಂಥ ವ್ಯಾಖ್ಯಾನಕಾರರು.

ವ್ಯಾಖ್ಯಾನಭೇದದಿಂದ ಆದ ಅನರ್ಥಕ್ಕೆ ಒಂದು ಪ್ರಸಿದ್ಧ ಉದಾಹರಣೆಯುಂಟು. ಮನೆ ಕಟ್ಟಿಸುವಾಗ ಮೇಸ್ತ್ರಿಯನ್ನು “ಕೋಣೆ ಹತ್ತು ಅಡಿ ಅಗಲ” ಎಂದು ಒಪ್ಪಿಸಿದರೆ ಸಾಲದು. ಅದು ಒಳ ಅಳತೆಯೋ ಹೊರ ಅಳತೆಯೋ ಎಂದು ಹೇಳಬೇಕು. ಗೋಡೆಯ ದಪ್ಪ ಅದರಲ್ಲಿ ಸೇರಿತೋ ಇಲ್ಲವೋ ಎಂಬುದರ ಮೇಲೆ ಪಕ್ಕದ ಕೋಣೆಯ ಗತಿ ನಿಂತಿದೆ. ಜಾಲಪುಟದಲ್ಲಿ ಪ್ರತಿಯೊಂದು ಪರಿಚ್ಛೇದವೂ ಒಂದು ಪೆಟ್ಟಿಗೆ. ಅದರ ಅಗಲ ೩೦೦ ಬಿಂದುಗಳು, ಎರಡೂ ಕಡೆ ಒಳ ಅಂಚು ೨೦, ಗೆರೆ ೫ ಎಂದು ಬರೆದರೆ, ಪ್ರಮಾಣಗ್ರಂಥದ ಮತದಂತೆ ೩೦೦ ಎಂಬುದು ಒಳ ಅಳತೆ. ಒಟ್ಟು ಪೆಟ್ಟಿಗೆ ೩೫೦ ಬಿಂದುಗಳಾಗುತ್ತದೆ. ವಿಂಡೋಸಿನ ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಐದನೆಯ ಆವೃತ್ತಿ ಇದನ್ನು ಹೊರ ಅಳತೆಯೆಂದು ತಿಳಿದು, ಎಲ್ಲವನ್ನೂ ೩೦೦ರೊಳಗೇ ಅಡಕಿ, ಮಾತಿಗೆ ೨೫೦ ಬಿಂದುಗಳನ್ನು ಮಾತ್ರ ಉಳಿಸುತ್ತಿತ್ತು. ಒಂದರಲ್ಲಿ ಪಕ್ಕಪಕ್ಕ ನಿಂತ ಎರಡು ಪೆಟ್ಟಿಗೆಗಳು ಮತ್ತೊಂದರಲ್ಲಿ ಮೇಲೆ ಕೆಳಗೆ ಬಿದ್ದವು. ೨೦೦೧ರಲ್ಲಿ ಬಂದ ಆರನೆಯ ಆವೃತ್ತಿಯು, ಪುಟದ ಶಿರದಲ್ಲಿ ಸರಿಯಾದ ಘೋಷಣೆಯ ಸಾಲಿದ್ದರೆ ಪ್ರಮಾಣದಂತೆ ನಡೆಯಿತು. ಇಲ್ಲದಿದ್ದರೆ ಹಳೆಯ ಜಾಡನ್ನೇ ಹಿಡಿಯಿತು. ವಿನೋದವೇನೆಂದರೆ, ಹೊರ ಅಳತೆಯೇ ಅನುಕೂಲವೆಂದು ಕಂಡು ಇಂದಿನ ಕುಶಲಿಗಳು ‘ಬಾಕ್ಸ್-ಸೈಜಿಂಗ್’ ಎಂಬ ಸೂತ್ರದಿಂದ ಅದನ್ನು ತಾವಾಗಿಯೇ ಕೇಳಿ ಪಡೆಯುತ್ತಾರೆ. ದೋಷವಿದ್ದದ್ದು ಅಳತೆಯಲ್ಲಲ್ಲ, ಅಳತೆಯ ಅರ್ಥ ಹೇಳದಿದ್ದದ್ದರಲ್ಲಿ.

ಈಗ ವ್ಯಾಖ್ಯಾನಕಾರರ ಜಗಳ ಬಹುಮಟ್ಟಿಗೆ ತಗ್ಗಿದೆ. ೨೦೧೭ರ ಮಾರ್ಚಿ ತಿಂಗಳೊಂದರಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ‘ಗ್ರಿಡ್’ ಎಂಬ ಹೊಸ ಜೋಡಣೆಯ ಕ್ರಮವನ್ನು ಅಂಗೀಕರಿಸಿದವು. ಎಡ್ಜ್ ೨೦೨೦ರಿಂದ ಕ್ರೋಮಿನ ಯಂತ್ರವನ್ನೇ ತನ್ನದಾಗಿ ಮಾಡಿಕೊಂಡಿತು. ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ೨೦೨೨ರ ಜೂನ್ ೧೫ರಂದು ಬೀಳ್ಕೊಡುಗೆಯಾಯಿತು. ಹಾಗಾದರೆ ಚಂದ್ರಬಂಡದ ಹುಡುಗಿಗೆ ಗುಂಡಿ ಕಾಣದೆ ಹೋದದ್ದೇಕೆ?

ಅದಕ್ಕೆ ಕಾರಣ ನಮ್ಮ ಲಿಪಿಯ ಸ್ವಭಾವದಲ್ಲಿದೆ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲಿ ಒಂದು ಕೂಡುತ್ತವೆ. ಕನ್ನಡದ ಅಕ್ಷರಕ್ಕೆ ಕೆಳಮನೆಯೂ ಉಂಟು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ; ಗುಡಿಸು, ಏತ್ವಗಳು ಮೇಲೇರುತ್ತವೆ. ೧೯೯೧ರಲ್ಲಿ ಯೂನಿಕೋಡ್ ಎಂಬ ಲೋಕಸಮ್ಮತವಾದ ಸಂಕೇತಮಾಲೆಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ಅದು ಅಕ್ಷರಗಳ ಕ್ರಮವನ್ನು ಹೇಳುತ್ತದೆಯೇ ಹೊರತು ಅವುಗಳ ಎತ್ತರವನ್ನು ಹೇಳುವುದಿಲ್ಲ. ಎತ್ತರವನ್ನು ನಿಶ್ಚಯಿಸುವುದು ಆಯಾ ಯಂತ್ರದಲ್ಲಿರುವ ಅಕ್ಷರಮಾದರಿ. ವಿಂಡೋಸ್ ಎಕ್ಸ್‌ಪಿಯಲ್ಲಿ ನಮ್ಮ ನದಿಯ ಹೆಸರನ್ನೇ ಹೊತ್ತ ‘ತುಂಗಾ’ ಇತ್ತು. ಈಚಿನ ವಿಂಡೋಸಿನಲ್ಲಿ ‘ನಿರ್ಮಲಾ’ ಇದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಧಾರಣವಾಗಿ ‘ನೋಟೊ’ ಇರುತ್ತದೆ. ಆ್ಯಪಲ್‌ನವರ ಯಂತ್ರಗಳಲ್ಲಿ ‘ಕನ್ನಡ ಸಂಗಮ್’ ಇದೆ. ಸಾಲುಗಳ ನಡುವಿನ ಅಂತರವನ್ನು ಪುಟ ಕಟ್ಟಿದವರು ಹೇಳದೆ ಬಿಟ್ಟರೆ, ಬ್ರೌಸರು ಅದನ್ನು ಅಕ್ಷರಮಾದರಿಯಿಂದ ತೆಗೆದುಕೊಳ್ಳುತ್ತದೆ. ಆದಕಾರಣ ಅದೇ ಮಾತು ಒಂದು ಕಡೆ ಒಂದು ಗೇಣಾದರೆ ಮತ್ತೊಂದು ಕಡೆ ಒಂದೂಕಾಲು ಗೇಣಾಗುತ್ತದೆ.

ಇನ್ನು ಪೆಟ್ಟಿಗೆಗೆ ಎತ್ತರವನ್ನು ಬಿಗಿದು, ಹೆಚ್ಚಾದುದನ್ನು ಮರೆಮಾಡೆಂದು ಆಜ್ಞಾಪಿಸಿದರೆ ಏನಾದೀತು? ಕಡೆಯ ಸಾಲಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಒತ್ತು ಹೋದರೆ ಕನ್ನಡಕ್ಕೆ ಆಗುವ ಹಾನಿಯನ್ನು ಬಾಲಬೋಧೆ ಓದಿದ ಮಗುವೂ ಬಲ್ಲದು: ‘ಹಳ್ಳಿ’ಯು ರೈಲಿನ ‘ಹಳಿ’ಯಾಗುತ್ತದೆ, ‘ಕಟ್ಟು’ ‘ಕಟು’ವಾಗುತ್ತದೆ, ‘ಸುತ್ತ’ ಇದ್ದವನು ‘ಸುತ’ನಾಗುತ್ತಾನೆ, ‘ಕತ್ತೆ’ಯೊಂದು ಮಾತ್ರ ‘ಕತೆ’ಯಾಗಿ ಉದ್ಧಾರವಾಗುತ್ತದೆ!

ನಮ್ಮ ತಮ್ಮನ ಮಗಳು ದೋಷವನ್ನು ಹುಡುಕಿದ ರೀತಿ ಎಲ್ಲ ಮನೆಗಳಿಗೂ ತಿಳಿದಿರತಕ್ಕದ್ದು. ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂದು ಒಂದು ಮಾರ್ಗವುಂಟು: ಕಾರಣವಿದ್ದರೆ ಕಾರ್ಯವಿರುವುದು ಅನ್ವಯ; ಕಾರಣವಿಲ್ಲದಿದ್ದರೆ ಕಾರ್ಯವಿಲ್ಲದಿರುವುದು ವ್ಯತಿರೇಕ; ಎರಡೂ ಕೂಡಿದಲ್ಲಿ ಮಾತ್ರ ಕಾರಣವು ಸಿದ್ಧ. ಅವಳು ಆ ಪುಟದ ಪ್ರತಿಯೊಂದನ್ನು ತನ್ನ ಗಣಕದಲ್ಲಿ ಇಟ್ಟುಕೊಂಡಳು. ಮೊದಲು ಫೋನಿನಷ್ಟು ಅಗಲಕ್ಕೆ ಕುಗ್ಗಿಸಿ, ಫೋನಿನ ಅಕ್ಷರಮಾದರಿಯನ್ನೇ ಕೊಟ್ಟು, ದೋಷವು ತನ್ನಲ್ಲಿಯೂ ಕಾಣುವಂತೆ ಮಾಡಿದಳು. ಕಾಣದ ರೋಗಕ್ಕೆ ಔಷಧವಿಲ್ಲವಷ್ಟೆ. ಅನಂತರ ಎಲ್ಲ ಪೆಟ್ಟಿಗೆಗಳ ಸುತ್ತಲೂ ಕೆಂಪುಗೆರೆ ಬರೆಯೆಂದು ಒಂದು ಸೂತ್ರವನ್ನು ಕೊಟ್ಟಳು. ಯಾವ ಪೆಟ್ಟಿಗೆ ಎಲ್ಲಿ ಮುಗಿಯುತ್ತದೆಂಬುದು ಹೊಲದ ಬದುಗಳಂತೆ ಸ್ಪಷ್ಟವಾಯಿತು. ಆಮೇಲೆ ಸೂತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಒಮ್ಮೆಗೆ ಒಂದನ್ನೇ ತೆಗೆಯಬೇಕು, ಎರಡನ್ನು ತೆಗೆದರೆ ಯಾವುದು ಅಪರಾಧಿಯೆಂದು ತಿಳಿಯದು ಎಂದು ಅವಳು ಹೇಳಿದಳು. ಬಣ್ಣವನ್ನು ತೆಗೆದಳು, ದೋಷ ಹೋಗಲಿಲ್ಲ. ಅಂಚನ್ನು ತೆಗೆದಳು, ಹೋಗಲಿಲ್ಲ. ‘ಎತ್ತರ ೪೦೦’ ಎಂಬುದನ್ನು ತೆಗೆದೊಡನೆ ಗುಂಡಿ ಪ್ರತ್ಯಕ್ಷವಾಯಿತು! ಮತ್ತೆ ಇಟ್ಟಳು, ಮಾಯವಾಯಿತು. ಪುಟವನ್ನು ಇಂಗ್ಲಿಷಿಗೆ ತಿರುಗಿಸಿ ಅದೇ ಎತ್ತರವನ್ನು ಇಟ್ಟಳು, ಗುಂಡಿ ಕಂಡಿತು.

ಸಂಗತಿ ಬಯಲಾಯಿತು. ಗುಂಡಿಯ ಮೇಲೆ ಇದ್ದ ಸೂಚನೆಯು ಇಂಗ್ಲಿಷಿನಲ್ಲಿ ಏಳು ಸಾಲು, ಕನ್ನಡದಲ್ಲಿ ‘ವಿದ್ಯಾರ್ಥಿನಿಲಯದಲ್ಲಿರುವವರಿಗೆ’ ಎಂಬಂಥ ಉದ್ದ ಪದಗಳಿಂದ ಕೂಡಿ ಒಂಬತ್ತು ಸಾಲು, ಸಾಲುಗಳೂ ಎತ್ತರ. ಪೆಟ್ಟಿಗೆಯ ಎತ್ತರ ಮಾತ್ರ ಅಷ್ಟೇ. ಹೆಚ್ಚಾದ ಮಾತು ಗುಂಡಿಯನ್ನು ಕೆಳಗೆ ನೂಕಿತು. ‘ಮರೆಮಾಡು’ ಎಂಬ ಆಜ್ಞೆ ಅದನ್ನು ನುಂಗಿತು. ಬ್ರೌಸರು ಅಪರಾಧಿಯಲ್ಲ, ಅದು ಹೇಳಿದುದನ್ನು ಹೇಳಿದಂತೆ ಮಾಡಿತು. ಪುಟ ಕಟ್ಟಿದವರು ಇಂಗ್ಲಿಷಿನ ಮೈಗೆ ಅಂಗಿ ಹೊಲಿದು ಕನ್ನಡಕ್ಕೆ ತೊಡಿಸಿದ್ದರು.

ಇದಕ್ಕೆ ಪರಿಹಾರವು ಬಹು ಸುಲಭ. ‘ಎತ್ತರ ಇಷ್ಟೇ’ ಎನ್ನುವ ಬದಲು ‘ಇಷ್ಟಕ್ಕೆ ಕಡಮೆಯಿಲ್ಲ’ ಎನ್ನಬೇಕು. ಆಗ ಮಾತು ಬೆಳೆದರೆ ಪೆಟ್ಟಿಗೆಯೂ ಬೆಳೆಯುತ್ತದೆ. ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆಗಿಂತ ತುಸು ಹೆಚ್ಚಾಗಿ ತಾವೇ ಹೇಳಬೇಕು. ಆಗ ಅಕ್ಷರಮಾದರಿ ಯಾವುದಿದ್ದರೂ ಒತ್ತುಗಳಿಗೆ ಎಡೆಯಿರುತ್ತದೆ. ಉದ್ದವಾದ ಸಮಾಸಪದ ಅಂಚನ್ನು ದಾಟುವುದಾದರೆ ಅಲ್ಲಿ ಮುರಿಯಲು ಅಪ್ಪಣೆ ಕೊಡಬೇಕು. ಗಾಜಿನ ಪೂರ್ಣ ಎತ್ತರವನ್ನು ಕೇಳುವಾಗ, ಫೋನಿನ ಬ್ರೌಸರಿನಲ್ಲಿ ವಿಳಾಸದ ಪಟ್ಟಿಯೂ ಅದರ ಒಂದು ಪಾಲನ್ನು ಆಕ್ರಮಿಸುತ್ತದೆಂಬುದನ್ನು ನೆನೆಯಬೇಕು. ಇದನ್ನು ಲೆಕ್ಕಕ್ಕೆ ಹಿಡಿಯುವ ಹೊಸ ಅಳತೆಗಳು ೨೦೨೨ರೊಳಗೆ ಮುಖ್ಯ ಬ್ರೌಸರುಗಳೆಲ್ಲಕ್ಕೂ ಬಂದಿವೆ. ಎಲ್ಲಕ್ಕಿಂತ ಮಿಗಿಲಾಗಿ, ಪುಟವನ್ನು ಹೊರಗೆ ಬಿಡುವ ಮೊದಲು ಕಡಮೆ ಬೆಲೆಯ ಒಂದು ಫೋನಿನಲ್ಲಿ, ಕನ್ನಡದಲ್ಲಿ, ಅಕ್ಷರವನ್ನು ನಮ್ಮಂಥ ವೃದ್ಧರು ಹಿಗ್ಗಿಸುವಷ್ಟು ಹಿಗ್ಗಿಸಿ ನೋಡಬೇಕು.

ಗೃಹಸ್ಥರಾದ ನಾವು ಮಾಡತಕ್ಕದ್ದೂ ಉಂಟು. ಪುಟವು ಕೆಟ್ಟು ಕಂಡಾಗ “ನಮಗೆ ತಿಳಿಯದು” ಎಂದು ತಲೆತಗ್ಗಿಸುವ ಕಾರಣವಿಲ್ಲ. ಫೋನನ್ನು ಅಡ್ಡ ಹಿಡಿದು ನೋಡಿರಿ. ಅಕ್ಷರವನ್ನು ತುಸು ಕುಗ್ಗಿಸಿ ನೋಡಿರಿ. ಮತ್ತೊಂದು ಬ್ರೌಸರಿನಲ್ಲಿ ತೆರೆದು ನೋಡಿರಿ. ಅದರಿಂದ ಆ ಹೊತ್ತಿನ ಕಾರ್ಯ ಸಾಗೀತು. ಆದರೆ ಅಲ್ಲಿಗೇ ಬಿಡದೆ, ಕೆಟ್ಟು ಕಂಡ ಪುಟದ ಚಿತ್ರವನ್ನು ಹಿಡಿದು, ಫೋನು ಯಾವುದು, ಬ್ರೌಸರು ಯಾವುದು, ಏನು ಕಾಣಬೇಕಿತ್ತು, ಏನು ಕಂಡಿತು ಎಂಬ ನಾಲ್ಕು ಮಾತುಗಳನ್ನು ಬರೆದು ಪುಟದ ಒಡೆಯರಿಗೆ ಕಳುಹಿಸಿರಿ. “ನಿಮ್ಮ ಪುಟ ಸರಿಯಿಲ್ಲ” ಎಂಬ ದೂರಿಗೆ “ನಮ್ಮಲ್ಲಿ ಸರಿಯಾಗಿಯೇ ಕಾಣುತ್ತದೆ” ಎಂಬುದು ಉತ್ತರವಾದೀತು. ಚಿತ್ರಸಹಿತವಾದ ಪತ್ರಕ್ಕೆ ಆ ಉತ್ತರ ಒಪ್ಪುವುದಿಲ್ಲ. ನಾವೂ ಆ ಕಛೇರಿಗೆ ಹಾಗೆಯೇ ಬರೆದೆವು, ಎರಡು ಚಿತ್ರಗಳನ್ನೂ ದೋಷದ ಮೂಲವಾದ ಆ ಒಂದು ಸಾಲನ್ನೂ ಸೇರಿಸಿ. ಮರುತ್ತರ ಬರಲಿಲ್ಲ. ಆದರೆ ಕೆಲವು ದಿನಗಳ ಮೇಲೆ ನೋಡಿದರೆ ಗುಂಡಿ ಫೋನಿನಲ್ಲಿಯೂ ಕಾಣುತ್ತಿತ್ತು. ಅದಕ್ಕಿಂತ ಉತ್ತಮವಾದ ಉತ್ತರವನ್ನು ನಾವು ಬಯಸಿರಲೂ ಇಲ್ಲ.

ಪಾಠಶಾಲೆಯಲ್ಲಿ ನಾವು ಮೂವತ್ತು ವರ್ಷಕ್ಕೂ ಮಿಕ್ಕಿ ಕಂಡುಕೊಂಡ ಮಾತೊಂದುಂಟು. ಪಾಠವು ಉಪಾಧ್ಯಾಯನ ಬಾಯಲ್ಲಿ ಶುದ್ಧವಾಗಿದ್ದರೆ ಸಾಲದು. ಹಿಂದಿನ ಸಾಲಿನ ಮಗುವಿನ ಕಿವಿಯಲ್ಲಿ ಅದು ಏನಾಯಿತೆಂದು ಎದ್ದು ಹೋಗಿ ಕೇಳಬೇಕು. ಜಾಲಪುಟವನ್ನು ಕಟ್ಟುವವರಿಗೂ ಇದಕ್ಕಿಂತ ಬೇರೆ ಧರ್ಮವಿದೆಯೆಂದು ನಮಗೆ ತೋರುವುದಿಲ್ಲ.