ದಿನಕ್ಕೊಂದು ಸಂಖ್ಯೆ ಒಡೆಯುವುದು

ಆದೋನಿಯ ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾರ್ಡು, ಪಾಸ್‌ಬುಕ್ಕು, ಹಾಲ್ ಟಿಕೆಟ್ಟುಗಳ ನಡುವೆ ನನ್ನ ಗಣಿತದ ಹಾಳೆಗಳೂ ಸರದಿ ಕಾಯುತ್ತವೆ. ಪುಸ್ತಕ ಬಿಟ್ಟಿ, ಖರ್ಚು ಮುದ್ರಣದ್ದಷ್ಟೆ. ಸ್ಪೈರಲ್ ಬೈಂಡಿಂಗ್ ಮಾಡಿಸಬಹುದು, ಆದರೆ ಮೂಲೆಗೆ ತೂತು ಹಾಕಿ ದಾರ ಕಟ್ಟುವ ಕೆಲಸ ನನಗೇ ಇರಲಿ ಅಂತ ಮನೆಗೆ ತರುತ್ತೇನೆ. ಮಗಳು ಹೋಗುವ ಶಾಲೆ ಅದರ ಪಾಡಿಗೆ ನಡೆದಿದೆ. ಸಂಜೆಯ ಚಾಪೆಯ ಶಾಲೆ ಬೇರೆ.

ಈ ಹಾಳೆಗಳ ಹೆಸರು ಎಂಇಪಿ. ಹಂಗೇರಿಯ ಶಾಲೆಗಳ ಕ್ರಮವನ್ನು ಆಧರಿಸಿ ಇಂಗ್ಲೆಂಡಿನ ಸಿಐಎಂಟಿ ಎಂಬ ಕೇಂದ್ರ ರೂಪಿಸಿ, ಬೇಕಾದವರು ಇಳಿಸಿಕೊಳ್ಳಲಿ ಎಂದು ಬಿಟ್ಟದ್ದು. ಒಂದನೇ ವರ್ಷ 20ರ ಗಡಿ ದಾಟುವುದಿಲ್ಲ. ಸಾವಿರದವರೆಗೆ ಗಿಳಿಪಾಠ ಒಪ್ಪಿಸುವ ಮಕ್ಕಳನ್ನು ಕಂಡವರಿಗೆ ಇದು ಸೋಮಾರಿತನ ಅನ್ನಿಸೀತು. ನನಗೆ ಅದೇ ಇಷ್ಟ.

ಇನ್ನೊಂದು ಗುಣ: ಮಕ್ಕಳ ಹಾಳೆಯಲ್ಲಿ ಅಕ್ಷರ ಕಡಿಮೆ, ಮಾತೆಲ್ಲ ಕಲಿಸುವವರ ಟಿಪ್ಪಣಿಯಲ್ಲಿ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದ ಮೇಲೆ ನಮ್ಮಂಥವರ ಮನೆಯ ಮಕ್ಕಳಿಗೆ ಬೀದಿಯಲ್ಲಿ ತೆಲುಗು, ಅಜ್ಜಿಯ ಹತ್ತಿರ ಕನ್ನಡ. ಹಾಳೆ ಬಾಯಿ ಮುಚ್ಚಿಕೊಂಡಿರುವುದರಿಂದ ಮಾತು ನಮ್ಮದೇ ಆಗುತ್ತದೆ. ಪೌಂಡು ಬಂದಲ್ಲಿ ರೂಪಾಯಿ ಮಾಡುತ್ತೇನೆ, ಹತ್ತಿಯ ಕ್ವಿಂಟಾಲನ್ನೂ ತೂರಿಸುತ್ತೇನೆ.

ಆದರೆ ನನ್ನನ್ನು ಹಿಡಿದುಹಾಕಿದ್ದು ಮೇಲಿನ ತರಗತಿಗಳ ಒಂದು ಚಾಳಿ. ವರ್ಷಕ್ಕೆ 175 ಪಾಠ. ಪಾಠ ಶುರುವಾಗುವುದೇ ಆ ದಿನದ ಪಾಠಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವುದರಿಂದ. ಅದಕ್ಕೆ 175, 350, 1000 ಕೂಡಿಸಿ ಬಂದ ಸಂಖ್ಯೆಗಳನ್ನೂ ಒಡೆಯಬೇಕು. 36ನೇ ಪಾಠವೆಂದರೆ 36, 211, 386, 1036. ಮೊದಲನೆಯದು ಎರಡು, ಮೂರುಗಳಾಗಿ ಸಲೀಸಾಗಿ ಉದುರುತ್ತದೆ. 211 ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. 13ರವರೆಗೆ ಭಾಗಿಸಿ ನೋಡಿ ಮಗಳು, “ಅಪ್ಪಾ, ಇದು ಒಡಿಯಂಗಿಲ್ಲಪ್ಪ” ಎಂದು ಗೆದ್ದವಳಂತೆ ಹೇಳುತ್ತಾಳೆ. 17ಕ್ಕೆ ಯಾಕೆ ಹೋಗಲಿಲ್ಲ ಅಂತ ಕೇಳಿದರೆ, 17ನ್ನು 17ರಿಂದ ಗುಣಿಸಿದರೆ 289, ಆಗಲೇ ದಾಟಿಹೋಯಿತಲ್ಲ ಅನ್ನುತ್ತಾಳೆ. ಮಗ್ಗಿ ಬಾಯಿಪಾಠ ಮಾಡಿಸಿದ್ದಕ್ಕೆ ಬಡ್ಡಿ ಬಂದದ್ದು ಇಲ್ಲಿ.

63ನೇ ಪಾಠದ ದಿನ ಅವಳು ಪೆನ್ಸಿಲ್ ಕಚ್ಚುತ್ತ ಕೂತಳು. 63, 238, 413 ಮೂರೂ ಏಳರ ಮಗ್ಗಿಯವು, 1063 ಅವಿಭಾಜ್ಯ. 56ನೇ ಪಾಠದ ಹಾಳೆ ತೆಗೆದು ನೋಡಿದಳು, ಅಲ್ಲೂ ಮೊದಲ ಮೂರಕ್ಕೆ ಏಳು ಒಲಿದಿತ್ತು. 175ರೊಳಗೇ ಏಳು ಕೂತಿದೆ, 1000ದಲ್ಲಿ ಇಲ್ಲ ಎಂಬುದು ನನಗೆ ಗೊತ್ತಿತ್ತು. ಹೇಳದೆ ತಡೆದುಕೊಳ್ಳುವುದು ಎಷ್ಟು ಕಷ್ಟ! ಕಲಿಸುವ ಕೆಲಸದಲ್ಲಿ ಅರ್ಧ ನಾಲಿಗೆ ಕಚ್ಚಿಕೊಳ್ಳುವುದೇ. 175ನ್ನೇ ಒಡೆದು ನೋಡೋಣ ಅಂತ ಅವಳಿಗೆ ಹೊಳೆಯುವ ಹೊತ್ತಿಗೆ ರೊಟ್ಟಿ ಆರಿತ್ತು.

ಸಂಖ್ಯೆಗಳ ಈ ಹುಚ್ಚು ನಮ್ಮ ಕಡೆಗೆ ಹೊಸದೇನಲ್ಲ. ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳನ್ನು ಕೊಟ್ಟ. ಆ ಗ್ರಂಥವನ್ನು ಪಾವುಲೂರಿ ಮಲ್ಲನ ಎಂಬವನು ತೆಲುಗಿಗೆ ತಂದ. ಮಹಾವೀರನದೇ ಒಂದು ಲೆಕ್ಕ ಹಿಡಿದು, 152207ನ್ನು 73ರಿಂದ ಗುಣಿಸು ಅಂತ ಮಗಳಿಗೆ ಅಂದೆ. ಎಂಟು ಒಂದುಗಳು ಸಾಲಾಗಿ ಬಂದಾಗ ಅವಳು ಎದ್ದು ಹೋಗಿ ಅಜ್ಜಿಗೆ ತೋರಿಸಿ ಬಂದಳು. ಅಜ್ಜಿ ಹಾಳೆಯನ್ನು ತಿರುವಿ ಹಿಂದೆ ಏನಿದೆ ನೋಡಿದರು.

ಈಗ ಚಟ ಹಾಳೆ ಬಿಟ್ಟು ಹೊರಬಿದ್ದಿದೆ. ಮಂತ್ರಾಲಯಕ್ಕೆ ಹೊರಟರೆ ಆದೋನಿ ಸ್ಟೇಷನ್ನಿನಲ್ಲಿ ರೈಲಿನ ಐದಂಕಿಯ ನಂಬರು ಓದಿ, ಅಂಕಿ ಕೂಡಿ, ಮೂರಕ್ಕೆ ಹೋಗುತ್ತದೋ ಇಲ್ಲವೋ ಬಾಯಲ್ಲೇ ಹೇಳುತ್ತಾಳೆ. ಏಳಕ್ಕೆ ಅಷ್ಟು ಸುಲಭದ ಉಪಾಯವಿಲ್ಲ. ಕೋಸಗಿ ದಾಟುವವರೆಗೂ ಕಾಗದ ಬೇಕು, ಪೆನ್ಸಿಲ್ ಬೇಕು, ಪಕ್ಕದವರ ಸಲಹೆಯಂತೂ ಬೇಡವೆಂದರೂ ಬರುತ್ತದೆ.