ಎಂಟನೆಯವನ ಕಣ್ಣು

ರಗ್ಬಿಯ ಸ್ಕ್ರಮ್ ಕಂಡವರಿಗೆ ಮೊದಲು ಕಾಣುವುದು ನೂಕಾಟ. ಎಂಟು ಮಂದಿ ಈ ಕಡೆ, ಎಂಟು ಮಂದಿ ಆ ಕಡೆ, ತೋಳು ಹೆಣೆದು ತಲೆ ತಗ್ಗಿಸಿ ನೂಕುತ್ತಾರೆ. ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಕಲ್ಲು ಎಳೆಯುವ ಎತ್ತುಗಳ ಹಾಗೆ, ಹೆಜ್ಜೆ ಕೂಡಿದರೇ ಭಾರ ಕದಲುವುದು. ಅಲ್ಲಿನ ಚಂದ್ರಬಂಡ ಊರಿನ ಮಂದಿಗೆ ಇಷ್ಟು ಹೇಳಿದರೆ ಸಾಕು. ನನ್ನ ಕಣ್ಣು ಮಾತ್ರ ಸದಾ ಕಟ್ಟಕಡೆಯ ಆಟಗಾರನ ಮೇಲೆ, ನಂಬರ್ ಎಂಟರ ಮೇಲೆ.

ಚೆಂಡು ಅವನ ಕಾಲಬುಡಕ್ಕೆ ಬರುತ್ತದೆ. ಅವನು ಅದನ್ನು ಕಾಲಲ್ಲೇ ತಡೆದಿಟ್ಟಷ್ಟು ಹೊತ್ತು ಎದುರಾಳಿಯ ಎಂಟೂ ಜನ ಕಟ್ಟುಬಿದ್ದಿರುತ್ತಾರೆ. ಅವರ ಹಿಂದಿನ ಸಾಲು ಸ್ಕ್ರಮ್‌ನಿಂದ ಐದು ಮೀಟರ್ ದೂರ ನಿಲ್ಲಲೇಬೇಕು. ಒಂಬತ್ತನೆಯವ, ಅಂದರೆ ಸ್ಕ್ರಮ್-ಹಾಫ್, ಚೆಂಡು ಹಾಕುವುದು ಸಾಮಾನ್ಯವಾಗಿ ಎಡಬದಿಯಿಂದ. ಎದುರಾಳಿಯ ಒಂಬತ್ತನೆಯವನೂ ಅಲ್ಲೇ ಇರುತ್ತಾನೆ. ಎಂಟನೆಯವ ಚೆಂಡೆತ್ತಿ ಬಲಕ್ಕೆ ನುಗ್ಗಿದರೆ ಮೊದಲು ಎದುರಾಗುವವನು ಆ ಬದಿಯ ಫ್ಲ್ಯಾಂಕರ್, ಅಂದರೆ ಸ್ಕ್ರಮ್‌ನ ಅಂಚಿನ ಎದುರಾಳಿ. ಅವನು ಮೈಮೇಲೆ ಬಿದ್ದರೆ ಚೆಂಡು ಪಕ್ಕದಲ್ಲಿ ಓಡಿಬರುವ ತನ್ನ ಒಂಬತ್ತನೆಯವನಿಗೆ. ಅನುಮಾನಿಸಿ ನಿಂತರೆ ತಾನೇ ಮುಂದೆ.

ಆದ್ದರಿಂದ ಕೋಚ್ ಮೊದಲು ಕಲಿಸಬೇಕಾದದ್ದು ನೋಡುವುದನ್ನು. ಸ್ಕ್ರಮ್ ಆಮೇಲೆ ಕಟ್ಟಬಹುದು. ಮೊದಲಿಗೆ ಮೂವರು ಹುಡುಗರು ಸಾಕು. ತಡೆಯುವವನ ಕಿವಿಯಲ್ಲಿ ಯಾರ ಮೇಲೆ ಹೋಗಬೇಕೆಂದು ಹೇಳಿ, ಉಳಿದಿಬ್ಬರನ್ನು ನಡಿಗೆಯಲ್ಲೇ ಆಡಿಸಬೇಕು. ತಡೆಯುವವನ ಭುಜ ಎತ್ತ ತಿರುಗಿತು ಎಂಬುದನ್ನು ಓದಿ ಚೆಂಡು ಹಿಡಿದವನು ಅದನ್ನು ಕೊಡಲಿ ಅಥವಾ ಇಟ್ಟುಕೊಳ್ಳಲಿ. ಓಟ ಆಮೇಲೆ ಬರಲಿ.

ಈ ಕಣ್ಣು ನಮ್ಮ ಕಬಡ್ಡಿ ಹುಡುಗರಿಗೆ ಆಗಲೇ ಇದೆ. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚುವುದು ಎಷ್ಟೋ ಸಲ ಕಾರ್ನರ್‌ನವನು ಆಸೆಬಿದ್ದು ಕಾಲಿಗೆ ಎರಗಲಿ ಎಂದೇ. ಅವನು ಎರಗಿದ ಕೂಡಲೇ ಪಕ್ಕದ ಕವರ್ ಜತೆಗಿನ ಕೈಸರಪಳಿ ಸಡಿಲುತ್ತದೆ, ದಾರಿ ಸಿಗುತ್ತದೆ. ಇದೆಲ್ಲ ಮೂವತ್ತು ಸೆಕೆಂಡಿನೊಳಗೆ! ಇಂಥ ವಿದ್ಯೆ ಹೇಳಿಕೊಡುವವರಿಗೂ ನಮ್ಮಲ್ಲಿ ಬರವಿಲ್ಲ. 2001ರ ಅರ್ಜುನ ಪ್ರಶಸ್ತಿ ಪಡೆದ ಕರ್ನಾಟಕದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲೇ ಬೆಂಗಾಲ್ ವಾರಿಯರ್ಸ್ 2019ರಲ್ಲಿ, ಪುಣೇರಿ ಪಲ್ಟನ್ 2024ರಲ್ಲಿ ಪ್ರೊ ಕಬಡ್ಡಿ ಗೆದ್ದವು.

ಇತ್ತ ರಗ್ಬಿಯೂ ನಮ್ಮ ಹತ್ತಿರ ಬರುತ್ತಿದೆ: 2025ರಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಗಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡವೂ ಬಂತು. ಅದು ಏಳು ಜನರ ರಗ್ಬಿ. ಕಬಡ್ಡಿಯಲ್ಲೂ ಅಂಗಳಕ್ಕಿಳಿಯುವವರು ಏಳೇ. ಏಳು ಜನರ ರಗ್ಬಿಯಲ್ಲಿ ಸ್ಕ್ರಮ್‌ಗೆ ಮೂವರೇ ಆದ್ದರಿಂದ ಎಂಟನೆಯವನಿಗೆ ಜಾಗವಿಲ್ಲ, ನಿಜ. ಆದರೂ ಇಬ್ಬರು ಸೇರಿ ಒಬ್ಬನನ್ನು ದಾಟುವ ಲೆಕ್ಕ ಅಲ್ಲೂ ಅದೇ.

ಒಂದು ಕಡೆ ಮಾತ್ರ ನಮ್ಮ ಹುಡುಗರು ಹೊಸದಾಗಿ ಕಲಿಯಬೇಕು. ರೈಡರ್ ಹೋಗುವುದು ಒಬ್ಬನೇ, ಮರಳುವುದೂ ಒಬ್ಬನೇ. ರಗ್ಬಿಯವನು ಹಿಂದೆ ಬರುತ್ತಿರುವವನನ್ನು ನಂಬಿ ಚೆಂಡು ಬಿಟ್ಟುಕೊಡಬೇಕು. ಈ ಭಾಗದ ದೈಹಿಕ ಶಿಕ್ಷಕರು ಯಾರಾದರೂ ರಗ್ಬಿ ಚೆಂಡು ಹಿಡಿದು ಮೈದಾನಕ್ಕೆ ಬಂದರೆ ಕಬಡ್ಡಿ ಹುಡುಗರನ್ನೇ ಮೊದಲು ಕರೆಯಲಿ, ಹೆಚ್ಚು ಹೊತ್ತು ಈ ಕೊಡುವ ಅಭ್ಯಾಸವನ್ನೇ ಮಾಡಿಸಲಿ.