ಮಣ್ಣು ಅವರದು, ಮೈ ನಮ್ಮದು

ನಮ್ಮಜ್ಜನ ಲೆಕ್ಕದಲ್ಲಿ ಮನುಷ್ಯರಲ್ಲಿ ಎರಡೇ ಜಾತಿ: ಕಿವಿ ಮುರಿದವರು, ಮುರಿಯದವರು. ತಾಲೀಮಿನಲ್ಲಿ ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ತಿಕ್ಕಾಡಿದವರ ಕಿವಿ ಬಾತು, ಗಟ್ಟಿಯಾಗಿ, ಮಡಚಿಕೊಂಡುಬಿಡುತ್ತದಲ್ಲ, ಅದೇ ಅವನಿಗೆ ಸರ್ಟಿಫಿಕೇಟು. ಸಣ್ಣವ್ವನನ್ನು ನೋಡಲು ಬಂದ ವರನಿಗೆ, ಓದೆಷ್ಟು, ಹೊಲವೆಷ್ಟು ಎಂದು ಕೇಳುವ ಮೊದಲೇ, "ತಮ್ಮಾ, ಟೋಪಿಗಿ ತಗೀ, ನೋಡೂಣು" ಅಂದಿದ್ದ. ಹುಡುಗ ಬಿದ್ರಿಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ತೂಕ ಬರೆಯುವವನು. ಕಿವಿಗಳು ಎಳೆ ವೀಳ್ಯದೆಲೆಯಷ್ಟು ನಯ. ಮದುವೆಯೇನೋ ಆಯಿತು. ಅಜ್ಜ ಮಾತ್ರ ಆ ಅಳಿಯನನ್ನು ಕೊನೆಯವರೆಗೂ ಕರುಣೆಯಿಂದಲೇ ನೋಡಿದ.

ಅವನ ಕಾಶಿ ಕೊಲ್ಹಾಪುರದ ಖಾಸಬಾಗ ಮೈದಾನ. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ವಿಲಾಯತಿಗೆ ಹೋದ ಶಾಹೂ ಮಹಾರಾಜರು ಅದೇ ಪ್ರವಾಸದಲ್ಲಿ ರೋಮಿನ ಕೊಲೋಸಿಯಂ ನೋಡಿದರು. ಉಳಿದ ರಾಜರು ಗಡಿಯಾರ, ಝೂಮರು ಹೊತ್ತು ತಂದಿರಬೇಕು. ಇವರು ಒಂದು ಅಖಾಡವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬಂದು, 1912ರ ಹೊತ್ತಿಗೆ ಕಟ್ಟಿಸಿದರು. ನಡುವೆ ಕೆಮ್ಮಣ್ಣಿನ ಕಣ, ಸುತ್ತ ಏರುತ್ತ ಹೋಗುವ ದಂಡೆ, ಅಡ್ಡಕ್ಕೆ ಒಂದು ಕಂಬವಿಲ್ಲ. ಎಲ್ಲಿ ಕೂತರೂ ಕಾಣುತ್ತದೆ. ಆದರೂ ಅಜ್ಜ ಹೊತ್ತಿಗೆ ಮುಂಚೆಯೇ ಹೋಗುತ್ತಿದ್ದ, ಕುಸ್ತಿಗಿಂತ ಮೊದಲು ಮಣ್ಣು ನೋಡಬೇಕಿತ್ತಲ್ಲ! ಅರಿಸಿನ, ಮಜ್ಜಿಗೆ, ಎಣ್ಣೆ, ನಿಂಬೆರಸ ಉಂಡು ಹದವಾದ ಮಣ್ಣನ್ನು ಒಂದು ಚಿಟಿಕೆ ಎತ್ತಿ ಮೂಸಿ, "ಮಜ್ಜಿಗಿ ಕಮ್ಮಿ ಆಗೇತಿ" ಎನ್ನುವನು. ಮನೆಯಲ್ಲಿ ಅಜ್ಜಿಯ ಸಾರಿಗೆ ಹೆಸರಿಡುವುದೂ ಇದೇ ಧ್ವನಿಯಲ್ಲಿ. ಮೈದಾನದಲ್ಲಾದರೆ ತಿರುಗಿ ಬೈಯುವವರಿರಲಿಲ್ಲ.

ಅವನ ದೇವರು ಶ್ರೀಪತಿ ಖಂಚನಾಳೆ. ಹುಟ್ಟಿದ್ದು ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ, ಪಳಗಿದ್ದು ಕೊಲ್ಹಾಪುರದಲ್ಲಿ, 1959ರಲ್ಲಿ ದಿಲ್ಲಿಗೆ ಹೋಗಿ ಬಂತಾಸಿಂಗನನ್ನು ಸೋಲಿಸಿ ಮೊದಲ ಹಿಂದ್ ಕೇಸರಿ. ಹಾಗಾದರೆ ಪೈಲ್ವಾನ ಯಾರವನು ಎಂದು ಚಹಾದಂಗಡಿಯಲ್ಲಿ ಗಡಿ ವಾದ ಎದ್ದಾಗಲೆಲ್ಲ ಅಜ್ಜನ ತೀರ್ಪು ಒಂದೇ: "ಮಣ್ಣ ಅವರದು, ಮೈ ನಮ್ಮದು." ಯಾವ ಆಯೋಗವೂ ಇಷ್ಟು ಚುಟುಕಾಗಿ ಬರೆದಿಲ್ಲ.

ಆಮೇಲೆ ಮ್ಯಾಟು ಬಂತು. ಬರಲೇಬೇಕಿತ್ತು. ಇದೇ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಮ್ಯಾಟಿಗೆ ಹೊಸಬರಾಗಿ ಆರನೆಯವರಾದರು. ಮ್ಯಾಟು ಒಲಿಸಿಕೊಂಡು 1952ರ ಹೆಲ್ಸಿಂಕಿಯಲ್ಲಿ ಕಂಚು ತಂದರು. ಜಗತ್ತು ಕೆಮ್ಮಣ್ಣಿನ ಮೇಲೆ ಆಡುವುದಿಲ್ಲ, ನಿಜ. ಆದರೆ ಬೆನ್ನು ನೆಲಕ್ಕೆ ಹತ್ತುವವರೆಗೂ ಕಾಯುತ್ತಿದ್ದ ಜನಕ್ಕೆ ಈ ಅಂಕ, ಸೀಟಿ, ಆರು ನಿಮಿಷದ ಗಡಿಯಾರ ಒಗ್ಗಲಿಲ್ಲ. "ಆರು ನಿಮಿಷದಾಗ ನಂದು ತಂಬಾಕ ತಿಕ್ಕೂದ ಮುಗಿಯೂದಿಲ್ಲ" ಎಂದ ಅಜ್ಜ. ಅವನ ಗೆಳೆಯರೂ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಕೆಲವರು ಬೇಸರದಿಂದ, ಉಳಿದವರು ಬೇರೆ ದಾರಿಯಿಲ್ಲದೆ. 2020ರ ಡಿಸೆಂಬರಿನಲ್ಲಿ ಖಂಚನಾಳೆಯವರೂ ಹೋದರು. 2024ರ ಆಗಸ್ಟ್ 8ರ ರಾತ್ರಿ, ಮೈದಾನದ ಮಗ್ಗುಲಲ್ಲೇ ಶಾಹೂ ಮಹಾರಾಜರು ಕಟ್ಟಿಸಿದ್ದ ನಾಟ್ಯಗೃಹ, ಈಗಿನ ಕೇಶವರಾವ ಭೋಸಲೆ ರಂಗಮಂದಿರ, ಹೊತ್ತಿ ಉರಿಯಿತು. ಆ ಚಿತ್ರಗಳನ್ನು ನೋಡುವಾಗ, ಇದನ್ನು ನೋಡಲು ಅಜ್ಜ ಇಲ್ಲವಲ್ಲ ಎಂದು ಸಮಾಧಾನವೇ ಆಯಿತು.

ಖಾಸಬಾಗದಲ್ಲಿ ನಾನು ಕಡೆಯ ಸಲ ಕುಸ್ತಿ ನೋಡಿದಾಗ ಮುಂದಿನ ಸಾಲಿನ ಹುಡುಗರು ಕಣ ನೋಡುತ್ತಿದ್ದುದು ಮೊಬೈಲಿನೊಳಗಿಂದ. ಪಕ್ಕದಲ್ಲಿ ರಾಯಬಾಗದ ಕಡೆಯ ಮುದುಕರೊಬ್ಬರು, ಪಟಕಾ ಸುತ್ತಿದವರು, ಕಣದ ಕಡೆ ನೋಡದೆ ಕುಳಿತಿದ್ದರು. ಕಣ್ಣು ಮಂಜಾಗಿದೆಯಂತೆ. "ಮತ್ತ ಇಷ್ಟ ದೂರ ಯಾಕ ಬಂದ್ರಿ, ಅಜ್ಜಾರ?" ಎಂದೆ. "ಕೇಳಾಕ" ಎಂದರು. ಬೀಳುವ ಸದ್ದಿನಲ್ಲೇ ಚಿತ್ತೋ ಅಲ್ಲವೋ ತಿಳಿಯುತ್ತದಂತೆ. "ಆ ಮ್ಯಾಟಿನ ಮ್ಯಾಲ ಬಿದ್ರ ಏನೂ ತಿಳಿಯೂದಿಲ್ಲ ನೋಡ್ರಿ, ಗಾದಿ ಮ್ಯಾಲ ಮಲಗಿಧಂಗ ಬೀಳ್ತಾರ." ಆಮೇಲೆ ಜೇಬಿನಿಂದ ನೋಟು ತೆಗೆದು, ಹೊರಗಿನ ಗಾಡಿಯಿಂದ ಭೇಳ ತರಲು ನನ್ನನ್ನೇ ಎಬ್ಬಿಸಿದರು: ಖಾರ ಜಾಸ್ತಿ, ಉಳ್ಳಾಗಡ್ಡಿ ಕಮ್ಮಿ. ಗಾಡಿಯ ಮುಂದೆ ಗದ್ದಲ. ಪೊಟ್ಟಣ ಹಿಡಿದು ಬರುವಷ್ಟರಲ್ಲಿ ಕುಸ್ತಿ ಮುಗಿದು ಹಲಗಿ ಬಾರಿಸುತ್ತಿದ್ದರು. ಯಾರು ಗೆದ್ದರೆಂದು ಮೊಬೈಲಿನ ಹುಡುಗರನ್ನು ಕೇಳಿದೆ. ತಿರುಗಿಸಿ ನೋಡುತ್ತೇವೆ, ತಡೀರಿ, ಎಂದರು. ಅಷ್ಟರಲ್ಲಿ ಮುದುಕರೇ ಹೇಳಿದರು.